ಅಂಚು ಕತ್ತರಿಸಿದ ಕಾಮಿಕ್ಸು ಹೊತ್ತು ಬರ್ಮಿಂಗ್‌ಹ್ಯಾಮಿಗೆ

ಮುಳಬಾಗಿಲು ಬಸ್ ಸ್ಟ್ಯಾಂಡು

ಇಂಗ್ಲೆಂಡಿಗೆ ಹೋಗಿ ಬಂದವರು ಅಲ್ಲಿನ ಅರಮನೆ, ಸೇತುವೆ, ಮಂಜಿನ ಬಗ್ಗೆ ಬರೆಯುತ್ತಾರೆ. ನಾನು ಅಲ್ಲಿದ್ದದ್ದು ಹನ್ನೊಂದು ದಿನ. ಅದರಲ್ಲಿ ಎರಡು ದಿನ ಪ್ಲಾಸ್ಟಿಕ್ ಚೀಲದೊಳಗಿನ ಪುಸ್ತಕಗಳ ಮುಂದೆ ಹಲ್ಲು ಕಡಿಯುತ್ತಾ ಕಳೆದೆ. ಅರಮನೆ ಬೇಕಾದವರು ದಯವಿಟ್ಟು ಬೇರೆ ಯಾರನ್ನಾದರೂ ಕೇಳಿಕೊಳ್ಳಬೇಕು.

ನಾನು ಚಲಪತಿ, ಶ್ರೀನಿವಾಸಪುರದ ಮಾವಿನ ಮಂಡಿಯವನು. ಎಂಬತ್ತರ ದಶಕದ ನಡುವೆ ಒಂದು ವರ್ಷ, ನಮ್ಮಿಂದ ಕಾಯಿ ಕೊಳ್ಳುತ್ತಿದ್ದ ಹಣ್ಣಿನ ರಸದ ಕಾರ್ಖಾನೆಯವರು ಬರ್ಮಿಂಗ್‌ಹ್ಯಾಮಿನ ಆಹಾರ ಮೇಳಕ್ಕೆ ಡಬ್ಬಿಗಳನ್ನು ಕಳಿಸಿದರು. ಡಬ್ಬಿಗಳ ಪಕ್ಕದಲ್ಲಿ ನಿಂತು ತೋತಾಪುರಿಯ ಗುಣಗಾನ ಮಾಡಲು ಒಬ್ಬ ಮನುಷ್ಯ ಬೇಕಾಗಿತ್ತು. ಅದಕ್ಕೆ ನನ್ನನ್ನು ಆರಿಸಿದರು. ಸುದ್ದಿ ಹರಡಿದ ಮೂರನೇ ದಿನ ಮುಳಬಾಗಿಲಿನಿಂದ ಮುನಿಸ್ವಾಮಿಯ ಕಾರ್ಡು ಬಂತು: "ತಾವು ಇಂಗ್ಲೆಂಡಿಗೆ ಹೋಗುವುದಾಗಿ ತಿಳಿದು ಸಂತೋಷವಾಯಿತು. ತಮ್ಮಿಂದ ಒಂದು ಸಣ್ಣ ಉಪಕಾರ ಆಗಬೇಕಿತ್ತು."

ತಾವಂತೆ, ತಮ್ಮಿಂದಂತೆ! ಕೋಲಾರದಲ್ಲಿ ಹೈಸ್ಕೂಲು ಓದುವಾಗ ನಾವಿಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಚಾಪೆಯ ಮೇಲೆ ಮಲಗಿದವರು. ನನ್ನನ್ನು ಅವನು ಲೇ ಅನ್ನದೆ ಕರೆದದ್ದೇ ಇರಲಿಲ್ಲ. ಅಂಥವನು ಹತ್ತು ವರ್ಷದಿಂದ ನನ್ನನ್ನು ಜಿಲ್ಲಾಧಿಕಾರಿಯ ಹಾಗೆ ಮಾತಾಡಿಸುತ್ತಿದ್ದ. ಕಾರಣ ನನಗೆ ಗೊತ್ತಿತ್ತು.

ನಾವು ಹೈಸ್ಕೂಲಿನಲ್ಲಿದ್ದಾಗ, ಚಿನ್ನದ ಗಣಿಯ ಬಂಗಲೆಗಳಿಂದ ಬ್ರಿಟಿಷ್ ಕುಟುಂಬಗಳು ಒಂದೊಂದಾಗಿ ಗಂಟುಮೂಟೆ ಕಟ್ಟುತ್ತಿದ್ದ ಕಾಲ. ಅವರ ಮಕ್ಕಳು ಓದಿ ಬಿಸಾಕಿದ ಇಂಗ್ಲಿಷ್ ಕಾಮಿಕ್ಸುಗಳು ಕೋಲಾರದ ಹಳೇ ಪೇಪರ್ ಅಂಗಡಿಗೆ ಬಂದು ಬೀಳುತ್ತಿದ್ದವು. ವಾರಕ್ಕೊಂದು ಬರುವ ಒಂದು ಪತ್ರಿಕೆಗೆ ನಾವಿಬ್ಬರೂ ಮರುಳಾದೆವು. ಅದರಲ್ಲೊಬ್ಬ ಪತ್ತೇದಾರ. ಟೋಪಿಗೆ ದೀಪ ಸಿಕ್ಕಿಸಿಕೊಂಡು ಗಣಿಯೊಳಗೆ ಇಳಿದು ಕಳ್ಳರನ್ನು ಹಿಡಿಯುತ್ತಿದ್ದ. ಅವನಿಗೆ ನಾವು ದೀಪದ ಟೋಪಿ ಎಂದೇ ಹೆಸರಿಟ್ಟೆವು. ನಮ್ಮ ಮೇಷ್ಟರು ಕಲಿಸಿದ್ದಕ್ಕಿಂತ ಹೆಚ್ಚು ಇಂಗ್ಲಿಷನ್ನು ಅವನೇ ಕಲಿಸಿದ. ಅವನು ಮೊದಲು ಕಾಣಿಸಿಕೊಂಡ ಸಂಚಿಕೆಯಿಂದ ಹಿಡಿದು ಅರವತ್ತಕ್ಕೂ ಹೆಚ್ಚು ಸಂಚಿಕೆ ಸಾಲಾಗಿ ಸಿಕ್ಕವು. ಕೊನೆಗೆ ಸಿಕ್ಕಿದ್ದರಲ್ಲಿ ಸುರಂಗ ಕುಸಿದು, ನೀರು ನುಗ್ಗಿ ಅವನ ಕುತ್ತಿಗೆಗೆ ಬಂದಿತ್ತು. ಅಷ್ಟರಲ್ಲಿ ಆ ಪತ್ರಿಕೆ ತರಿಸುತ್ತಿದ್ದ ಸಾಹೇಬರ ಸಂಸಾರ ಊರಿಗೆ ಹೊರಟುಹೋಯಿತು. ಅವನು ಬದುಕಿದನೋ ಸತ್ತನೋ ನಮಗೆ ತಿಳಿಯಲೇ ಇಲ್ಲ.

ಮುನಿಸ್ವಾಮಿ ಆ ಸಂಚಿಕೆಗಳನ್ನು ಟ್ರಂಕಿನಲ್ಲಿ ಬೇವಿನೆಲೆ ಹಾಕಿ ಇಟ್ಟುಕೊಂಡ. ಎಪ್ಪತ್ತರ ದಶಕದಲ್ಲಿ ಅಂಚೆ ಕಚೇರಿಯ ಕೆಲಸದ ಮೇಲೆ ಮಾಲೂರಿಗೆ ವರ್ಗವಾದಾಗ, ಮನೆ ಸಣ್ಣದೆಂದು ಟ್ರಂಕನ್ನು ನನ್ನ ಮನೆಯಲ್ಲಿ ಬಿಟ್ಟ. ಮುಂದೆ ಅವನು ಮುಳಬಾಗಿಲಿನಲ್ಲಿ ಮನೆ ಕಟ್ಟಿದ. ಗೃಹಪ್ರವೇಶಕ್ಕೆ ಏನು ಕೊಡಲಿ ಎಂದು ಯೋಚಿಸುವಾಗ ನನ್ನ ತಲೆಗೆ ಒಂದು ಬುದ್ಧಿವಂತಿಕೆ ಹೊಳೆಯಿತು. ಟ್ರಂಕನ್ನು ಕೋಲಾರದ ಬೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋದೆ. ತುಕ್ಕು ಹಿಡಿದ ಪಿನ್ನು ಕೀಳಿಸಿ ದಾರದಲ್ಲಿ ಹೊಲಿಸಿದೆ. ಹರಿದಲ್ಲಿ ಮೈದಾ ಅಂಟು ಬಳಿದು ಕಾಗದ ಹಚ್ಚಿಸಿದೆ. ಅಂಚುಗಳು ಸಮ ಆಗಲೆಂದು ಮೂರು ಕಡೆಯೂ ಕಟಿಂಗ್ ಮೆಷಿನ್ನಿಗೆ ಕೊಡಿಸಿದೆ. ಅಷ್ಟಕ್ಕೂ ಸಮಾಧಾನವಾಗದೆ, ಅಂಗಡಿ ಬೋರ್ಡು ಬರೆಯುವ ಒಬ್ಬ ಪೇಂಟರನ್ನು ಕೂರಿಸಿ ಮಾಸಿದ ಕೆಂಪು ಬಣ್ಣವನ್ನೆಲ್ಲ ಮತ್ತೆ ತುಂಬಿಸಿದೆ. ಅವನು ಉತ್ಸಾಹದಲ್ಲಿ ದೀಪದ ಟೋಪಿಯ ತುಟಿಗೂ ಕೆಂಪು ಬಳಿದುಬಿಟ್ಟ.

ನೆಂಟರೆಲ್ಲರ ಎದುರಿಗೆ ಆ ದಪ್ಪ ಪುಸ್ತಕವನ್ನು ಮುನಿಸ್ವಾಮಿಯ ಕೈಗಿಟ್ಟೆ. ಅವನು ಮೂರು ಪುಟ ತಿರುಗಿಸಿದ. ಬ್ಲೇಡು ಅಂಚಿನ ಜೊತೆಗೆ ಪುಟಗಳ ಕೆಳಗಿದ್ದ ಕಥೆಯ ಸಾಲನ್ನೂ ನುಂಗಿದ್ದು ನನಗೆ ಆಗಲೇ ಕಂಡದ್ದು.

"ಬಹಳ ಚೆನ್ನಾಗಿ ಬಂದಿದೆ. ತುಂಬಾ ಶ್ರಮ ತಗೊಂಡಿದ್ದೀರಿ," ಎಂದ.

ಅವತ್ತಿನಿಂದ ನಾನು ಅವನಿಗೆ 'ನೀವು' ಆದೆ. ಹೋದರೆ ಕುರ್ಚಿ ಹಾಕುತ್ತಿದ್ದ, ಕಾಫಿ ಕೊಡಿಸುತ್ತಿದ್ದ. ಊಟಕ್ಕೆ ಮಾತ್ರ ಏಳು ಅನ್ನಲಿಲ್ಲ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಚೆನ್ನಾಗಿದೆ ಅನ್ನುವವನ ಹತ್ತಿರ ಏನಂತ ಕ್ಷಮೆ ಕೇಳುವುದು? ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಮಳೆ ಬೆಳೆ ವಿಚಾರಿಸಿ ನನ್ನ ಬಾಯಿ ಮುಚ್ಚಿಸಿದ.

ವಿಮಾನ ಹಿಡಿಯಲು ಮದ್ರಾಸಿಗೆ ಹೋಗುವ ನನ್ನ ಬಸ್ಸು ಮುಳಬಾಗಿಲಿನಲ್ಲಿ ನಿಂತಾಗ ಅವನು ಆ ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕಾದಿದ್ದ. ಜೊತೆಗೊಂದು ವಿದೇಶದ ಕಾಗದ. ನಾನು ಹೊರಡುವುದು ಗೊತ್ತಾದ ಕೂಡಲೇ, ಆ ಕಥೆ ಹೇಗೆ ಮುಗಿಯಿತೆಂದು ಕೇಳಿ ಬರ್ಮಿಂಗ್‌ಹ್ಯಾಮಿನ ಒಂದು ಪೇಪರಿನ ವಾಚಕರ ಅಂಕಣಕ್ಕೆ ಅವನು ಬರೆದಿದ್ದನಂತೆ. ಡೆರೆಕ್ ಎಂಬ ಸಂಗ್ರಾಹಕ ಉತ್ತರಿಸಿದ್ದ. ಆ ಪತ್ರಿಕೆಯ ಕಟ್ಟಕಡೆಯ ಸಂಚಿಕೆ, ಅಂದರೆ ನಮಗೆ ಸಿಗದೆಹೋದದ್ದು, ತನ್ನಲ್ಲಿದೆ. ದೀಪದ ಟೋಪಿ ಮೊದಲು ಬಂದ ಸಂಚಿಕೆ ಒಳ್ಳೆಯ ಸ್ಥಿತಿಯಲ್ಲಿದ್ದರೆ ಅದಲುಬದಲು ಮಾಡಿಕೊಳ್ಳಬಹುದು ಎಂದಿದ್ದ.

"ಬೇಕಾದರೆ ಇಡೀ ಪುಸ್ತಕಾನೇ ಕೊಟ್ಬಿಡಿ. ಅವನಿಗೆ ಏನಾಯ್ತು ಅಂತ ಗೊತ್ತಾದ್ರೆ ಸಾಕು," ಎಂದ ಮುನಿಸ್ವಾಮಿ.

ಈ ಒಂದು ಕೆಲಸ ಮಾಡಿಕೊಟ್ಟರೆ ನನ್ನ ಗೆಳೆಯ ನನಗೆ ವಾಪಸ್ ಸಿಗುತ್ತಾನೆ ಎಂದುಕೊಂಡು ಬಸ್ಸಿನಲ್ಲಿ ಕೂತೆ. ಚಿತ್ತೂರು ದಾಟುವವರೆಗೂ ಪುಸ್ತಕ ತೊಡೆಯ ಮೇಲೇ ಇತ್ತು, ಟವೆಲ್ಲು ಬಿಚ್ಚಿ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಮಿಸೆಸ್ ಹಾರ್ಟ್ಲಿಯ ಮುಂದಿನ ಕೋಣೆ

ನಾನು ಉಳಿದುಕೊಂಡದ್ದು ಮಿಸೆಸ್ ಹಾರ್ಟ್ಲಿ ಎಂಬ ವಿಧವೆಯ ಮನೆಯಲ್ಲಿ. ಮನೆಗೆ ಎರಡು ಬೈಠಕ್ ಕೋಣೆ. ಹಿಂದಿನದರಲ್ಲಿ ಮುರುಕು ಸೋಫಾ, ಟೀವಿ, ಬೆಕ್ಕು. ಮುಂದಿನದರಲ್ಲಿ ಹೂವಿನ ಚಿತ್ತಾರದ ಸೋಫಾ, ಗಾಜಿನ ಬೀರುವಿನಲ್ಲಿ ಚಿನ್ನದ ಅಂಚಿನ ಟೀ ಕಪ್ಪುಗಳು. ಬಂದ ದಿನ ನಾನು ಗೊತ್ತಿಲ್ಲದೆ ಮುಂದಿನ ಕೋಣೆಯಲ್ಲಿ ಹೋಗಿ ಕೂತೆ. ಆಕೆ ಬಾಗಿಲಲ್ಲಿ ನಿಂತು, ನಾನು ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋದೆನೇನೋ ಎಂಬಂತೆ ನೋಡಿದಳು.

"ಆ ಕೋಣೆ ವಿಶೇಷ ದಿನಗಳಿಗೆ," ಎಂದಳು.

"ಕೊನೆಯ ವಿಶೇಷ ದಿನ ಯಾವಾಗ ಬಂದಿತ್ತು?" ಎಂದು ಕೇಳಿದೆ.

ಸ್ವಲ್ಪ ಯೋಚಿಸಿ, "ನನ್ನ ಗಂಡ ತೀರಿಕೊಂಡಾಗ," ಎಂದಳು.

ನಗುವ ಹಾಗಿರಲಿಲ್ಲ. ನಮ್ಮ ಮನೆಯಲ್ಲೇನು ಕಡಿಮೆ? ನನ್ನ ಹೆಂಡತಿಯ ಸ್ಟೀಲಿನ ಊಟದ ಸೆಟ್ಟು ಮದುವೆಯಾದಾಗಿನಿಂದ ಅಟ್ಟದ ಮೇಲಿದೆ. ಟೀವಿಗೆ ಕಸೂತಿಯ ಗೌನು ಇದೆ. ನೋಡುವಾಗ ಅದನ್ನು ತೆಗೆದು, ಮುಗಿದ ಕೂಡಲೇ ಮತ್ತೆ ತೊಡಿಸುತ್ತೇವೆ. ಆದರೂ ನಾವು ಟೀವಿ ನೋಡುತ್ತೇವಲ್ಲ, ಅಷ್ಟರಮಟ್ಟಿಗೆ ವಾಸಿ ಎಂದು ಸಮಾಧಾನ ಮಾಡಿಕೊಂಡೆ.

ಮೇಳದಲ್ಲಿ ನನ್ನ ಡಬ್ಬಿಗಳ ಮುಂದೆ ಜನ ಸಾಲು ನಿಂತರು. ಖುಷಿಯಾಗಿ ನಾಲ್ಕು ಡಬ್ಬಿ ತೆರೆದೆ. ಅವರು ನಿಂತಿದ್ದು ನನ್ನ ಹಿಂದಿನ ಶೌಚಾಲಯಕ್ಕಂತೆ. ಆ ದೇಶದಲ್ಲಿ ಇಬ್ಬರು ಒಟ್ಟಿಗೆ ನಿಂತರೆ ಮೂರನೆಯವನು ಯಾಕೆ ಏನು ಎಂದು ಕೇಳದೆ ಅವರ ಹಿಂದೆ ನಿಲ್ಲುತ್ತಾನೆ.

ಚರ್ಚ್ ಹಾಲ್

ಶನಿವಾರ ಒಂದು ಚರ್ಚಿನ ಹಾಲ್‌ನಲ್ಲಿ ಹಳೆಯ ಕಾಮಿಕ್ಸುಗಳ ಸಂತೆ. ಅಲ್ಲಿಗೆ ಬರಲು ಡೆರೆಕ್ ಹೇಳಿದ್ದ. ಅವನು ಮನೆಮನೆಯ ಗ್ಯಾಸ್ ಮೀಟರು ನೋಡಿ ಬರೆದುಕೊಳ್ಳುವ ನೌಕರ, ಐವತ್ತರ ಹತ್ತಿರದ ತೆಳ್ಳನೆ ಮನುಷ್ಯ. ಬಹಳ ಮರ್ಯಾದಸ್ಥ. ಮರ್ಯಾದಸ್ಥರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೇ ಗೊತ್ತು.

ಹಾಲ್ ತುಂಬಾ ಮೇಜುಗಳು, ಮೇಜಿನ ಮೇಲೆ ಪೆಟ್ಟಿಗೆಗಳು, ಪೆಟ್ಟಿಗೆಗಳಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಟೇಪು ಅಂಟಿಸಿದ ಕಾಮಿಕ್ಸುಗಳು. ಮಕ್ಕಳೇ ಇಲ್ಲ. ಎಲ್ಲರೂ ಬೊಕ್ಕತಲೆಯ ಗಂಡಸರು. ಒಬ್ಬನೂ ಓದುತ್ತಿಲ್ಲ. ಪುಸ್ತಕದ ಬೆನ್ನು ನೋಡುತ್ತಾರೆ, ಮೂಲೆ ನೋಡುತ್ತಾರೆ, ಬೆಳಕಿಗೆ ಓರೆ ಹಿಡಿದು ನೋಡುತ್ತಾರೆ. ಮದುವೆಗೆ ಹೆಣ್ಣು ನೋಡಲು ಬಂದವರೂ ಇಷ್ಟು ಕೆಟ್ಟದಾಗಿ ನೋಡುವುದಿಲ್ಲ.

ಡೆರೆಕ್ ನನಗೆ ದರ್ಜೆಗಳನ್ನು ಕಲಿಸಿದ. ಎಲ್ಲಕ್ಕಿಂತ ಮೇಲೆ ಮಿಂಟ್, ಅಂದರೆ ಅಂಗಡಿಯಿಂದ ಈಗಷ್ಟೇ ಬಂದಂತಿರುವುದು. ಅದರ ಕೆಳಗೆ ಫೈನ್. ಅದಕ್ಕೂ ಎಷ್ಟೋ ಕೆಳಗೆ ಗುಡ್. ಗುಡ್ ಎಂದು ಬರೆದದ್ದನ್ನು ನೋಡಿ ಸಂತೋಷದಿಂದ ಎತ್ತಿಕೊಂಡರೆ, ಬೆನ್ನು ಸೀಳಿದೆ, ಮೂಲೆ ಮುರಿದಿದೆ, ಯಾವುದೋ ಮಗು ಕ್ರಯಾನಿನಲ್ಲಿ ಮೀಸೆ ಬರೆದಿದೆ. ಇದು ಗುಡ್ ಆದರೆ ಕೆಟ್ಟದ್ದಕ್ಕೆ ಏನೆನ್ನುತ್ತೀರಿ ಎಂದೆ. ಫೇರ್ ಎಂದ! ನನಗೆ ತಲೆ ತಿರುಗಿತು.

ಹದಿನಾರನೇ ವಯಸ್ಸಿನಿಂದ ಕಾಯಿ ವಿಂಗಡಿಸಿದವನು ನಾನು. ಒಂದನೇ ದರ್ಜೆ, ಎರಡನೇ ದರ್ಜೆ, ರಸಕ್ಕೆ ಹೋಗುವುದು, ಎಲ್ಲವನ್ನೂ ಕೈಗೆ ತಗೊಂಡ ಕ್ಷಣದಲ್ಲಿ ಹೇಳಬಲ್ಲೆ. ಆದರೆ ಒಂದನೇ ದರ್ಜೆಯ ಬಾದಾಮಿ ಮಾವಿನಹಣ್ಣನ್ನು ತಿನ್ನಲೇಬೇಡಿ ಎಂದು ನಮ್ಮಲ್ಲಿ ಯಾರೂ ಹೇಳಿದ್ದಿಲ್ಲ. ಸೊನೆ ಸಿಡಿದಿದ್ದರೆ ಒರೆಸುತ್ತೇವೆ, ತೊಳೆಯುತ್ತೇವೆ. ಇಲ್ಲಿ ಒರೆಸಿದರೂ ತಪ್ಪು. ಹರಿದದ್ದನ್ನು ಹಾಗೇ ಬಿಟ್ಟರೆ ಒಂದು ದರ್ಜೆ, ಅಂಟಿಸಿದರೆ ಅದಕ್ಕಿಂತ ಕೆಳಗೆ. ಬಣ್ಣ ಮಾಸಿದರೆ ಪರವಾಗಿಲ್ಲ, ತುಂಬಿದರೆ ಅಪರಾಧ. "ಅಂಚು ಕತ್ತರಿಸಿದರೆ?" ಎಂದು ಮೆಲ್ಲಗೆ ಕೇಳಿದೆ.

"ಅಯ್ಯೋ, ಅದು ಕೊಲೆ," ಎಂದ ಡೆರೆಕ್. ನನ್ನ ಕೈಚೀಲ ಇದ್ದಕ್ಕಿದ್ದಂತೆ ಭಾರವಾಯಿತು.

ಸರಿ, ಸ್ಥಿತಿಗತಿಯ ಮಾತು ಬೇಡ, ನೇರವಾಗಿ ವ್ಯಾಪಾರ ಕುದುರಿಸಿಬಿಡೋಣ ಎಂದುಕೊಂಡೆ. ನಮ್ಮ ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ತಿಳಿಸುತ್ತೇವೆ. ಇಪ್ಪತ್ತೈದು ವರ್ಷದ ರೂಢಿ, ಯೋಚಿಸುವ ಮೊದಲೇ ಕೈ ಓಡಿತು. ಡೆರೆಕ್‌ನ ಕೈ ಮೇಲೆ ಟವೆಲ್ ಹಾಕಿ ಎರಡು ಬೆರಳು ಗಟ್ಟಿಯಾಗಿ ಹಿಡಿದೆ. ಅವನು ಕಿವಿಯವರೆಗೂ ಕೆಂಪಾದ. ಸುತ್ತಲಿನ ಬೊಕ್ಕತಲೆಗಳೆಲ್ಲ ಏಕಕಾಲಕ್ಕೆ ಪೆಟ್ಟಿಗೆಗಳೊಳಗೆ ಮುಖ ಇಟ್ಟವು. ಕೈ ಬಿಡಿಸಿಕೊಳ್ಳುವುದು ಅಸಭ್ಯ ಎಂದುಕೊಂಡನೋ ಏನೋ, ಪಾಪ, ಬಹಳ ಹೊತ್ತು ಹಾಗೇ ನಿಂತಿದ್ದ.

"ನಾಳೆ ಮನೆಗೆ ಬನ್ನಿ," ಎಂದ ಕೊನೆಗೆ. "ನನ್ನ ತಂಗಿಯೂ ಇರುತ್ತಾಳೆ."

ಡೆರೆಕ್‌ನ ಮಹಡಿ

ತಂಗಿ ಕೆಳಗೆ ಟೀ ಮಾಡುತ್ತಿದ್ದಳು. ಡೆರೆಕ್ ಮಹಡಿಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಕೈ ತೊಳೆದು ಬಂದು ನಮ್ಮ ಪುಸ್ತಕ ತೆರೆದ. ನಾನು ಆಸ್ಪತ್ರೆಯ ಹೊರಗೆ ಕೂತವನಂತೆ ಕೂತೆ.

"ಪಿನ್ನು ಕಿತ್ತಿದ್ದಾರೆ. ಅಂಟು. ಮೂರು ಕಡೆ ಕತ್ತರಿ. ಇದೇನು, ತುಟಿಗೆ ಬಣ್ಣ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು. "ಇಷ್ಟೆಲ್ಲ ಯಾರು ಮಾಡಿದ್ದು?"

"ನಾನೇ. ಪ್ರೀತಿಯಿಂದ ಮಾಡಿಸಿದ್ದು," ಎಂದೆ.

"ಮಾಡದೆ ಬಿಟ್ಟಿದ್ದರೆ ಇದು ನನ್ನ ಹತ್ತಿರ ಇರುವುದಕ್ಕಿಂತ ಒಳ್ಳೆಯ ಪ್ರತಿ. ಮೇಲಾಗಿ, ಪುಟದ ತುಂಬಾ ಪೆನ್ಸಿಲಿನಲ್ಲಿ ಬರೆದಿದ್ದಾರೆ."

ಪೆನ್ಸಿಲು ನನಗೆ ಗೊತ್ತಿರಲಿಲ್ಲ. ಬಗ್ಗಿ ನೋಡಿದೆ. ಬ್ಲೇಡು ನುಂಗಿದ್ದ ಕೆಳಗಿನ ಸಾಲುಗಳನ್ನು ಯಾರೋ ಪುಟಪುಟದಲ್ಲೂ, ಚಿತ್ರಗಳ ಸಂದಿಯಲ್ಲಿ ಜಾಗ ಹುಡುಕಿ, ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಮತ್ತೆ ಬರೆದಿದ್ದರು. ಅದು ಮುನಿಸ್ವಾಮಿಯ ಕೈಬರಹ. ಅಷ್ಟೂ ಸಂಚಿಕೆ ಅವನಿಗೆ ಬಾಯಿಪಾಠವಾಗಿತ್ತು. ನಾನು ಮಾಡಿದ ಗಾಯಕ್ಕೆ ಅವನು ಒಬ್ಬನೇ ಕೂತು ಹೊಲಿಗೆ ಹಾಕಿದ್ದ, ನನಗೆ ಒಂದು ಮಾತೂ ಹೇಳಿರಲಿಲ್ಲ. ಡೆರೆಕ್ ಆ ಬರಹವನ್ನೂ ಒಂದು ದೋಷವೆಂದು ತನ್ನ ಚೀಟಿಯಲ್ಲಿ ಬರೆದುಕೊಂಡ.

"ಕ್ಷಮಿಸಿ. ಇದಕ್ಕೆ ಬದಲು ಏನನ್ನೂ ಕೊಡಲಾರೆ," ಎಂದ.

"ಬದಲು ಬೇಡ ಸ್ವಾಮಿ. ಕೊನೆಯ ಸಂಚಿಕೆ ತೋರಿಸಿ. ಇಲ್ಲೇ, ನಿಮ್ಮ ಎದುರಿಗೇ ಓದಿಕೊಂಡು ಹೋಗುತ್ತೇನೆ."

ಅವನು ಕಪಾಟಿನಿಂದ ತಂದು ಮೇಜಿನ ಮೇಲೆ ಹರಡಿದ. ಒಂದಲ್ಲ, ಆರು ಪ್ರತಿ. ಯಾವುದೋ ಗೋದಾಮಿನಲ್ಲಿ ಮಾರಾಟವಾಗದೆ ಉಳಿದಿದ್ದವಂತೆ. ಆರೂ ಚೀಲದಲ್ಲಿ, ಆರೂ ಮಿಂಟ್. ಆದರೆ ತೆರೆಯುವಂತಿಲ್ಲ. ಒಮ್ಮೆ ಬಿಡಿಸಿದರೆ ಬೆನ್ನಿನಲ್ಲಿ ಕೂದಲೆಳೆಯಷ್ಟು ಗೆರೆ ಬೀಳುತ್ತದೆ, ದರ್ಜೆ ಇಳಿಯುತ್ತದೆ.

"ಹೋಗಲಿ, ಕೊನೆಗೆ ಏನಾಗುತ್ತೆ? ಬಾಯಲ್ಲಿ ಹೇಳಿ."

"ನನಗೆ ಗೊತ್ತಿಲ್ಲ. ನಾನು ಓದಿಲ್ಲ."

"ಯಾವತ್ತೂ?"

"ಹೇಗೆ ಓದಲಿ? ನನಗೆ ಸಿಕ್ಕಾಗಲೇ ಮಿಂಟ್ ಆಗಿತ್ತು," ಎಂದ ಡೆರೆಕ್. ಅಷ್ಟರಲ್ಲಿ ತಂಗಿ, ಟೀ ಮೇಲಕ್ಕೇ ತರುತ್ತೇನೆ, ಹಾಲು ಬಂದು ತಗೊಂಡು ಹೋಗು ಎಂದು ಕೂಗಿದಳು. ಹಾಲು ತರಲು ಅವನು ಕೆಳಗೆ ಹೋದ.

ಇನ್ನು ನಡೆದದ್ದನ್ನು ಬೇಕೆಂದು ಮಾಡಿದೆ ಎಂದು ಅವನು ಇವತ್ತಿಗೂ ನಂಬಿದ್ದಾನು. ದೇವರಾಣೆಗೂ ಅಲ್ಲ. ಮಂಡಿಯಲ್ಲಿ ರಾಶಿಯ ಮುಂದೆ ಕೂತವನು ಒಂದು ಹಣ್ಣು ಎತ್ತಿ ಕೊಯ್ದು ನೋಡುತ್ತಾನೆ. ಕೊಯ್ಯದೆ ಯಾರೂ ಕೊಳ್ಳುವುದಿಲ್ಲ, ಕೊಯ್ದದ್ದಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ. ಒಂದೇ ತರಹದ ಆರು ಕಣ್ಣೆದುರು ಬಿದ್ದಿದ್ದವು. ತಲೆಯಲ್ಲಿ ಮುನಿಸ್ವಾಮಿಯ ಪೆನ್ಸಿಲು ಓಡುತ್ತಿತ್ತು. ಡೆರೆಕ್ ಹಾಲಿನ ಜಗ್ಗು ಹಿಡಿದು ಬಾಗಿಲಿಗೆ ಬಂದಾಗ ನಾನು ತುದಿಯ ಚೀಲದ ಟೇಪು ಕಿತ್ತು, ಪುಸ್ತಕವನ್ನು ಪೂರ್ತಿ ಬಿಡಿಸಿ, ಕೊನೆಯ ಪುಟದಲ್ಲಿ ಬೆರಳಿಟ್ಟಿದ್ದೆ.

ಅವನು ಕಿರುಚಲಿಲ್ಲ. ಜಗ್ಗನ್ನು ನಿಧಾನವಾಗಿ ಕೆಳಗಿಟ್ಟ. "ಅದು ಮಿಂಟ್ ಆಗಿತ್ತು," ಎಂದ, ಸತ್ತವರ ಬಗ್ಗೆ ಹೇಳುವ ದನಿಯಲ್ಲಿ.

"ತಪ್ಪಾಯಿತು. ಆದರೆ ನೀವು ಇದನ್ನು ನೋಡಬೇಕು," ಎಂದೆ.

ಕೊನೆಯ ಚಿತ್ರದಲ್ಲಿ ನೀರು ಗಲ್ಲದವರೆಗೆ ಏರಿತ್ತು. ದೀಪ ಮಿಣುಕುತ್ತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಮಕ್ಕಳೇ, ಸಂತೋಷದ ಸುದ್ದಿ! ಮುಂದಿನ ವಾರದಿಂದ ನಮ್ಮ ಪತ್ರಿಕೆ ಇನ್ನೊಂದು ಪತ್ರಿಕೆಯ ಜೊತೆ ಸೇರುತ್ತದೆ, ಕಥೆ ಅಲ್ಲಿ ಮುಂದುವರಿಯುತ್ತದೆ.

ಡೆರೆಕ್ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದ. ಇನ್ನೊಮ್ಮೆ ಓದಿದ. "ಇದರಲ್ಲಿ ಕಥೆ ಮುಗಿಯುತ್ತದೆ ಎಂದು ನಾನು ಹದಿನಾಲ್ಕು ವರ್ಷದಿಂದ ಎಲ್ಲರಿಗೂ ಹೇಳುತ್ತಿದ್ದೇನೆ," ಎಂದ.

"ಆ ಇನ್ನೊಂದು ಪತ್ರಿಕೆ ಎಲ್ಲಿ ಸಿಗುತ್ತದೆ?"

"ಅದನ್ನು ಯಾರೂ ಸಂಗ್ರಹಿಸುವುದಿಲ್ಲ. ಬೆಲೆಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಹಾಗಾಗಿ ಯಾರೂ ಇಟ್ಟುಕೊಳ್ಳಲಿಲ್ಲ. ರದ್ದಿಗೆ ಹೋಗಿರುತ್ತದೆ."

ನಾನು ಕುರ್ಚಿಯಿಂದ ಎದ್ದೆ. ಏನು ಜನ ಇವರು! ಮುಗಿಯದ ಕಥೆಗೆ ಆರು ಚೀಲ ತೊಡಿಸಿಟ್ಟು, ಮುಗಿದ ಕಥೆಯನ್ನು ರದ್ದಿಗೆ ಹಾಕಿದ್ದಾರೆ. ಕನ್ನಡ, ತೆಲುಗು ಎರಡರಲ್ಲೂ ಬಾಯಿಗೆ ಬಂದದ್ದೆಲ್ಲ ಅಂದೆ. ಡೆರೆಕ್ ಒಂದೂ ಅರ್ಥವಾಗದೆ ಎಲ್ಲದಕ್ಕೂ ತಲೆಯಾಡಿಸಿದ. ಕೊನೆಗೆ ಆ ಬಿಡಿಸಿದ ಪ್ರತಿಯನ್ನು ನನ್ನ ಕಡೆಗೆ ತಳ್ಳಿ, "ಇದು ನೀವೇ ಇಟ್ಟುಕೊಳ್ಳಿ, ನನಗಿನ್ನು ಉಪಯೋಗವಿಲ್ಲ," ಎಂದ. ಬದಲಿಗೆ ನನ್ನ ಕೈಚೀಲದಲ್ಲಿದ್ದ ಎರಡು ಡಬ್ಬಿ ಮಾವಿನ ರಸ ಕೊಟ್ಟೆ. ಅದನ್ನು ಅವನು ಕಪಾಟಿನಲ್ಲಿ, ಲೇಬಲ್ಲು ಕಾಣುವ ಹಾಗೆ ಜೋಡಿಸಲು ಹೊರಟ. ಅವನ ಕೈಯಿಂದ ಕಿತ್ತುಕೊಂಡು ಕೆಳಗಿಳಿದು, ತಂಗಿಯ ಕೈಯಲ್ಲೇ ತೆರೆಸಿ, ಇಬ್ಬರಿಗೂ ಲೋಟದಲ್ಲಿ ಹುಯ್ದು ಕುಡಿಸಿದ ಮೇಲೆಯೇ ಹೊರಟೆ.

ಮತ್ತೆ ಮುಳಬಾಗಿಲು

ವಿಮಾನದಲ್ಲಿ ಬರುವ ಉದ್ದಕ್ಕೂ ಮುನಿಸ್ವಾಮಿಯ ಮುಖವೇ ಕಣ್ಣ ಮುಂದಿತ್ತು. ಮುಗಿಯದ ಕಥೆಯನ್ನು ಕೈಗಿಟ್ಟಾಗಲೂ "ಬಹಳ ಶ್ರಮ ತಗೊಂಡ್ರಿ," ಅಂದುಬಿಟ್ಟರೆ?

ಅವನು ಕಚೇರಿಯಿಂದ ಬಂದು ಜಗುಲಿಯ ಮೇಲೆ ಕೂತಿದ್ದ. "ಬನ್ನಿ, ಕೂತ್ಕೊಳ್ಳಿ. ಪ್ರಯಾಣ ಸುಖವಾಗಿ ಆಯ್ತಾ?" ಎಂದು ಕುರ್ಚಿ ಎಳೆದ. ಸಂಚಿಕೆ ಕೊಟ್ಟೆ. ಮೊದಲ ಪುಟದಿಂದ, ಒಂದು ಚಿತ್ರವನ್ನೂ ಹಾರಿಸದೆ ಓದಿದ. ಕೊನೆಯ ಸಾಲು ಮುಗಿಸಿ, ಹಿಂದೆ ಇನ್ನೇನಾದರೂ ಇದೆಯೇ ಎಂದು ಹಾಳೆ ತಿರುವಿ ನೋಡಿದ.

"ಮುಂದಿನ ಪತ್ರಿಕೇನ ಯಾರೂ ಇಟ್ಕೊಂಡಿಲ್ವಂತೆ," ಎಂದೆ.

"ಹೌದಾ," ಎಂದಷ್ಟೇ ಹೇಳಿದ.

ನಾನು ವಾಪಸ್ ತಂದಿದ್ದ ದಪ್ಪ ಪುಸ್ತಕವನ್ನು ಟವೆಲ್ಲಿನಿಂದ ಬಿಚ್ಚಿ, ಹೊಸದನ್ನು ಅದರ ಕೊನೆಗೆ ಸೇರಿಸಲು ಇಟ್ಟ. ಕೂಡಲಿಲ್ಲ. ಮೇಲೆ, ಕೆಳಗೆ, ಪಕ್ಕಕ್ಕೆ ಒಂದೊಂದು ಬೆರಳಿನಷ್ಟು ಅದು ಹೊರಗೆ ಚಾಚಿಕೊಂಡಿತು. ಅಂಚಿನ ಬಿಳಿ ಜಾಗ, ಕೆಳಗಿನ ಸಾಲು, ಪುಟದ ಸಂಖ್ಯೆ, ಎಲ್ಲ ಇದ್ದಲ್ಲೇ ಇದ್ದವು. ಮುನಿಸ್ವಾಮಿ ಆ ಬಿಳಿ ಅಂಚಿನ ಮೇಲೆ ಹೆಬ್ಬೆರಳು ಎಳೆದ. ಅವನ ಮೂಗಿನ ಹೊಳ್ಳೆ ಅರಳಿತು.

"ಲೇ ಚಲಪತಿ!"

ನಾನು ಬೆಚ್ಚಿಬಿದ್ದೆ.

"ಇಷ್ಟಗಲ ಇತ್ತು ಕಣೋ! ನೋಡ್ಲಾ ಇಲ್ಲಿ, ಇಷ್ಟು ಜಾಗ ಇತ್ತು! ಇಷ್ಟನ್ನೂ ಕತ್ತರಿಸಿ ಬಿಸಾಕ್ದಲ್ಲೋ, ಕೈಯಾದ್ರೂ ಹೆಂಗೆ ಬಂತೋ ನಿಂಗೆ? ಒಂದ್ ಮಾತು ಕೇಳೋಕೆ ಏನಾಗಿತ್ತು ರೋಗ? ಬುದ್ಧಿ ಉಂದಾರಾ ನೀಕು, ಬುದ್ಧಿ ಐತೇನೋ ನಿಂಗೆ?"

ಸಿಟ್ಟು ನೆತ್ತಿಗೇರಿದಾಗ ನಮ್ಮ ಕಡೆಯವರ ಬಾಯಿಗೆ ತೆಲುಗು ತಾನಾಗಿ ಬರುತ್ತದೆ. ಮುನಿಸ್ವಾಮಿಗೆ ಬರುತ್ತಲೇ ಇತ್ತು. ಪಿನ್ನು ಕಿತ್ತಿದ್ದಕ್ಕೆ ಬೈದ. ಮೈದಾ ಅಂಟಿಗೆ ಬೈದ. ತುಟಿಯ ಬಣ್ಣಕ್ಕೆ ಬಂದಾಗ ಎದ್ದು ನಿಂತು ಬೈದ. ಅವನ ಹೆಂಡತಿ ಸರಸಮ್ಮ ಗಾಬರಿಯಿಂದ ಹೊರಗೆ ಬಂದರು.

"ಯಾಕ್ರೀ ಹಂಗೆ ಕೂಗ್ತೀರಾ? ಪಾಪ, ಅಷ್ಟು ದೂರದಿಂದ ಬ್ಯಾರೆ ಬಂದವ್ರೆ."

"ನೀನ್ ಸುಮ್ನಿರೇ. ಹತ್ತು ವರ್ಷದಿಂದ ಹೊಟ್ಟೇಲಿ ಇಟ್ಕೊಂಡಿದೀನಿ!"

"ತಪ್ಪಾಯ್ತು ಕಣೋ ಮುನೀ," ಎಂದೆ. ಕಣ್ಣಲ್ಲಿ ನೀರು ಬರುತ್ತಿತ್ತು. ನನಗೆ ಅಷ್ಟು ಸಂತೋಷವಾಗಿತ್ತು.

"ತಪ್ಪಾಯ್ತಂತೆ! ಏಳು ಮೇಲೆ. ಕೈ ತೊಳ್ಕೋ, ಊಟ ಮಾಡ್ಕೊಂಡು ಹೋಗು," ಎಂದು ಗದರಿದ.

ಒಳಗೆ ಮಣೆ ಹಾಕಿ ಕೂರಿಸಿದರು. ತಟ್ಟೆಗೆ ಮುದ್ದೆ ಬಿತ್ತು, ಸಾರು ಬಿತ್ತು, ಮುನಿಸ್ವಾಮಿ ಮಾತ್ರ ಇನ್ನೂ ಕಟಿಂಗ್ ಮೆಷಿನ್ನಿನಲ್ಲೇ ಇದ್ದ. ಹೊಟ್ಟೆ ತುಂಬಿತ್ತು. ಅವನು ಇನ್ನಷ್ಟು ಬೈಯಲಿ ಎಂದು ಎರಡನೇ ಮುದ್ದೆಗೂ ತಟ್ಟೆ ಚಾಚಿದೆ.